ವಸುಂಧರಾ ಪಕ್ಕದ ಮನೆಗೆ ಹೋದದ್ದು

ದಸರೆಗೆ ಮುಂಚೆ ಮನೆ ಸ್ವಚ್ಛ ಮಾಡುವಾಗ ಟಿವಿ ಸ್ಟ್ಯಾಂಡಿನ ಹಿಂದೆ ಹಳೆಯ ರಿಮೋಟು ಸಿಕ್ಕಿತು. ಅದಕ್ಕೆ ತೊಡಿಸಿದ್ದ ಪ್ಲಾಸ್ಟಿಕ್ ಕವರು ಹಳದಿಗಟ್ಟಿತ್ತು, ಸೆಲ್ಲು ಸೋರಿ ಒಳಗೆಲ್ಲ ಹಸಿರು ಹಿಡಿದಿತ್ತು. ಅದಿರಿನ ಧೂಳು ಹಾರುವ ನಮ್ಮ ಸೀಮೆಯಲ್ಲಿ ರಿಮೋಟಿಗೆ ಕವರು ಹಾಕದ ಮನೆ ಕಡಿಮೆ. ಕೂಸಿಗೆ ಕುಲಾವಿ ಹಾಕುವುದನ್ನು ಮರೆತೇವು, ರಿಮೋಟಿಗೆ ಕವರು ಹಾಕುವುದನ್ನು ಮರೆಯೆವು. ಉಳಿದ ಗುಂಡಿಗಳ ಮೇಲಿನ ಅಂಕಿಗಳು ಹಾಗೇ ಇದ್ದವು, ಒಂದು ಗುಂಡಿಯದು ಮಾತ್ರ ಒತ್ತಿ ಒತ್ತಿ ಅಳಿಸಿಹೋಗಿತ್ತು. ಅದನ್ನು ಒತ್ತಿದರೆ ಏನು ಬರುತ್ತಿತ್ತು ಎಂದು ನನಗೆ ಚೆನ್ನಾಗಿ ಗೊತ್ತು. ವಸುಂಧರಾ ಬರುತ್ತಿದ್ದಳು.

ವಸುಂಧರಾ ನಮಗೆ ಬಂಧುವಲ್ಲ, ಬಳಗವಲ್ಲ. ಸಂಜೆ ಏಳೂವರೆಗೆ ಶುರುವಾಗುವ, ವರ್ಷಗಳಾದರೂ ಇನ್ನೂ ಮುಗಿಯದ ಒಂದು ಧಾರಾವಾಹಿಯ ನಾಯಕಿ. ರಿಮೋಟನ್ನು ಕೈಯಲ್ಲಿ ಹಿಡಿದುಕೊಂಡು ಅವಳನ್ನು ನೆನೆಯುತ್ತ ಕುಳಿತಿದ್ದೆ. ಅಷ್ಟರಲ್ಲಿ ಗೋಡೆಯಾಚೆಯಿಂದ ನಗು ಕೇಳಿಸಿತು. ನಕ್ಕವರು ಪಕ್ಕದ ಮನೆಯ ನಿವೃತ್ತ ಡ್ರಾಯಿಂಗ್ ಮಾಸ್ತರು ಗುಂಡಾಚಾರ್ಯರು. ನಗಿಸಿದವಳು ನನ್ನ ಹೆಂಡತಿ ಗಿರಿಜಾ. ನನಗೆ ಹೊಟ್ಟೆಕಿಚ್ಚಾಯಿತು.

ನೀವು ಏನೇನೋ ಊಹಿಸಿಕೊಳ್ಳಬೇಡಿ. ಮಾಸ್ತರರಿಗೆ ಎಪ್ಪತ್ತು ದಾಟಿದೆ. ಅವರ ಹೆಂಡತಿ ಪದ್ದಕ್ಕ ಪಕ್ಕದಲ್ಲೇ ಕುಳಿತು ಹೂಬತ್ತಿ ಹೊಸೆಯುತ್ತಿರುತ್ತಾರೆ. ನನ್ನ ಹೊಟ್ಟೆಕಿಚ್ಚು ಆ ಜಾತಿಯದಲ್ಲ. ಹಾಗಂತ ಅದಕ್ಕಿಂತ ಸಣ್ಣದು ಎಂದೂ ತಿಳಿಯಬೇಡಿ. ನನಗೆ ಸಿಗುತ್ತಿದ್ದ ಒಂದು ವಸ್ತು ಈಗ ಇನ್ನೊಬ್ಬರಿಗೆ ಸಿಗುತ್ತಿದೆ, ಅದೂ ಗೋಡೆಯಾಚೆ, ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ. ಅವಳು ಅವರಿಗೆ ಧಾರಾವಾಹಿಯ ಕಥೆ ಹೇಳುತ್ತಿದ್ದಳು.

ಇದು ಅರ್ಥವಾಗಬೇಕಾದರೆ ನನ್ನ ನೌಕರಿ ನಿಮಗೆ ಗೊತ್ತಿರಬೇಕು. ನಮ್ಮ ಮನೆ ಹೊಸಪೇಟೆಯಲ್ಲಿ, ಕೆಲಸ ಸಂಡೂರಿನ ಗುಡ್ಡದ ಕೆಳಗೆ, ಅದಿರಿನ ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಕ್ಯಾಬಿನ್ನಿನಲ್ಲಿ. ತುಂಬಿದ ಲಾರಿ ಬರುತ್ತದೆ, ತೂಗುತ್ತೇನೆ, ಚೀಟಿ ಕೊಡುತ್ತೇನೆ. ದಿನವಿಡೀ ಇಷ್ಟೇ. ನನ್ನ ಬನಿಯನ್ನುಗಳು ಅಂಗಡಿಯಿಂದ ಬರುವಾಗ ಬೆಳ್ಳಗಿರುತ್ತವೆ, ಎರಡನೇ ಒಗೆತಕ್ಕೆ ಕಾವಿ ಬಣ್ಣಕ್ಕೆ ತಿರುಗುತ್ತವೆ. ಸನ್ಯಾಸ ತೆಗೆದುಕೊಳ್ಳದೆಯೇ ಕಾವಿ ಉಡುವ ಯೋಗ ನಮ್ಮಂಥವರದ್ದು. ಸಂಜೆ ಕಂಪನಿ ಬಸ್ಸು ಲಾರಿಗಳ ಸಾಲಿನ ಹಿಂದೆ ತೆವಳಿಕೊಂಡು ಊರು ಮುಟ್ಟಿ, ನಾನು ಮನೆಗೆ ಬಂದು ಮೈಮೇಲಿನ ಕೆಂಪು ತೊಳೆದುಕೊಳ್ಳುವ ಹೊತ್ತಿಗೆ ಧಾರಾವಾಹಿ ಮುಗಿದು ವಾರ್ತೆ ಬರುತ್ತಿರುತ್ತಿತ್ತು.

ಆದ್ದರಿಂದ ವಸುಂಧರೆಯನ್ನು ನಾನು ಕಣ್ಣಿನಿಂದ ನೋಡಿದವನಲ್ಲ, ಕಿವಿಯಿಂದ ನೋಡಿದವನು. ನಾನು ತಾಟಿನ ಮುಂದೆ ಕುಳಿತರೆ ಗಿರಿಜಾ ಒಲೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತ ಶುರು ಮಾಡುತ್ತಿದ್ದಳು.

"ಇವತ್ತು ಏನಾತಂದ್ರ," ಎಂದು ಒಂದು ತಟ್ಟು. "ಆ ಪ್ರಭಾಕರ ಇದ್ದಾನಲ್ಲ, ಆಕಿ ಗಂಡ," ಎಂದು ಇನ್ನೊಂದು ತಟ್ಟು. ರೊಟ್ಟಿ ದುಂಡಗಾಗುತ್ತಿದ್ದಂತೆ ಕಥೆಯೂ ದುಂಡಗಾಗುತ್ತಿತ್ತು. ಸರಿಯಾಗಿ ಕುತೂಹಲ ಕುದಿಯುವ ಜಾಗದಲ್ಲಿ ನಿಲ್ಲಿಸಿ, ರೊಟ್ಟಿಯನ್ನು ಹೆಂಚಿನ ಮೇಲೆ ಮಗುಚಿ, ಅದಕ್ಕೆ ನೀರು ಸವರಿ, "ಪುಂಡಿಪಲ್ಯ ಹಾಕಲೇನು?" ಎನ್ನುತ್ತಿದ್ದಳು. ಜಾಹೀರಾತಿನ ವಿರಾಮ ಎಂದರೆ ಅದು. ನಾನು "ಮೊದಲ ಅದನ್ನ ಹೇಳು" ಎಂದು ಗೋಗರೆಯುತ್ತಿದ್ದೆ.

ನಮ್ಮವ್ವ ಇದ್ದ ಕಾಲ ಅದು. ಏಳೂವರೆಗೆ ಅವ್ವ ಹನುಮಪ್ಪನ ಗುಡಿಯ ಭಜನೆಗೆ ಹೋಗುತ್ತಿದ್ದಳಾದ್ದರಿಂದ ಅವಳೂ ಧಾರಾವಾಹಿ ನೋಡುತ್ತಿರಲಿಲ್ಲ. ನಾನು ಉಣ್ಣುವಾಗ ಅಡಿಗೆಮನೆಯ ಬಾಗಿಲಿಗೆ ಒರಗಿ, ಎಲೆಅಡಿಕೆ ಮೆಲ್ಲುತ್ತ, ಅವಳೂ ಕೇಳುತ್ತಿದ್ದಳು. ಅವ್ವ ಸುಮ್ಮನೆ ಕೇಳುವ ಪೈಕಿ ಅಲ್ಲ, ತೀರ್ಪು ಕೊಡುವ ಪೈಕಿ. "ಆ ಅತ್ತಿ ಮಹಾ ಘಾಟಿ ಅದಾಳ. ಸೊಸಿ ಅಂದ್ರ ಏನು, ತೊತ್ತೇನು?" ಎಂದು ಪಾಪ, ಕಾಣದ ಯಾವುದೋ ಅತ್ತೆಗೆ ಬೈಯುತ್ತಿದ್ದಳು. ಬೈದ ಮೇಲೆ ತನಗೂ ಒಬ್ಬ ಸೊಸೆ ಇದ್ದಾಳೆಂಬುದು ನೆನಪಾಗಿಯೋ ಏನೋ, ಸ್ವಲ್ಪ ಹೊತ್ತು ಮೆತ್ತಗಿರುತ್ತಿದ್ದಳು.

ಕಥೆ ಹೇಳುವವರ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟುಗುಣ. ನಾನು ಚೋರನೂರಿನಲ್ಲಿ ಬೆಳೆದವನು. ನಮ್ಮ ಕ್ಲಾಸಿನಲ್ಲಿ ಈರಣ್ಣ ಎಂಬುವನಿದ್ದ. ಅವನ ಮಾವ ಸಂಡೂರಿನಲ್ಲಿದ್ದ ಕಾರಣ ಅವನಿಗೆ ಸಿನಿಮಾ ನೋಡುವ ಭಾಗ್ಯವಿತ್ತು. ನೋಡಿ ಬಂದವನು ಕಟ್ಟೆಯ ಮೇಲೆ ಕುಳಿತರೆ ಶೇಂಗಾ, ಎಲಚಿಹಣ್ಣು, ಹುಣಸೆಕಾಯಿ ಎಲ್ಲ ಅವನ ಪದತಲಕ್ಕೆ ಬರುತ್ತಿದ್ದವು. ಹೊಡೆದಾಟವನ್ನು ಬಾಯಲ್ಲೇ ಬಡಿದು, ಕುದುರೆಯನ್ನು ತೊಡೆಯ ಮೇಲೆ ಓಡಿಸುತ್ತಿದ್ದ. ಒಮ್ಮೆ ದೇವರ ದಯೆಯಿಂದ ಅವನಿಗಿಂತ ಮೊದಲು ನಾನೇ ಒಂದು ಸಿನಿಮಾ ನೋಡಿದೆ. ಅದೇ ಕಟ್ಟೆ ಹತ್ತಿ, ಅದೇ ಗತ್ತಿನಿಂದ ಗಂಟಲು ಸರಿಪಡಿಸಿಕೊಂಡು, "ಕಡೀಕ ಹೀರೋನ ಅಣ್ಣ ಸಾಯ್ತಾನ, ಪೊಲೀಸರು ಬರ್ತಾರ" ಎಂದು ಆರಂಭಿಸಿದೆ. ಹುಡುಗರು ತಂದಿದ್ದ ಶೇಂಗಾ ವಾಪಸು ಜೇಬಿಗೆ ಹಾಕಿಕೊಂಡು ಎದ್ದುಹೋದರು. ನನಗೆ ಕೇಳುವ ಕಲೆ ಮಾತ್ರ ಒಲಿದಿದೆ, ಹೇಳುವುದಲ್ಲ ಎಂದು ಆವತ್ತೇ ತೀರ್ಮಾನವಾಯಿತು.

ಕೇಳುವವನಿಗೆ ಹೇಳುವವರು ಬೇಕಲ್ಲ. ಗಿರಿಜಾ ಕಂಪ್ಲಿಯವಳು, ಭತ್ತದ ಊರಿನವಳು. ಮದುವೆಯಾಗಿ ಬಂದಾಗ ಮೂರು ಮಾತಿಗೆ ಒಂದು ಮಾತು ಆಡುತ್ತಿದ್ದಳು. ಆ ಧಾರಾವಾಹಿ ಶುರುವಾದ ಮೇಲೇ ಅವಳಿಗೆ ಬಾಯಿ ಬಂದದ್ದು. ವಸುಂಧರೆಯ ಪುಣ್ಯದಿಂದ ನಮ್ಮ ಮನೆಯಲ್ಲಿ ಊಟದ ಹೊತ್ತು ಎಂದರೆ ದಿನದ ಒಳ್ಳೆಯ ಹೊತ್ತು ಎನ್ನುವಂತಾಯಿತು. ಬಸ್ಸಿನಲ್ಲಿ ಬರುವಾಗ ಲಾರಿಗಳ ಸಾಲು ಕರಗದಿದ್ದರೆ ನನಗೆ ಹಸಿವಿಗಿಂತ ಹೆಚ್ಚಾಗಿ, ಪ್ರಭಾಕರ ಇವತ್ತು ಮನೆಗೆ ಬಂದನೋ ಇಲ್ಲವೋ ಎಂಬ ಚಿಂತೆ ಇರುತ್ತಿತ್ತು.

ಇದಕ್ಕೆ ಕಲ್ಲು ಹಾಕಿದವಳು ನನ್ನ ಮಗಳು ಕಾವ್ಯಾ. ಕಲ್ಲು ಹಾಕಬೇಕೆಂದೇನೂ ಅಲ್ಲ, ಉಪಕಾರ ಮಾಡಲು ಹೋಗಿ. ಬಳ್ಳಾರಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಒಂದು ರಜೆಗೆ ಬಂದವಳು ನನಗೊಂದು ದೊಡ್ಡ ಫೋನು, ಕಿವಿಗೆ ಹಾಕಿಕೊಳ್ಳುವ ವೈರು ತಂದುಕೊಟ್ಟಳು. ಅದರಲ್ಲಿ ಟಿವಿ ಕಾರ್ಯಕ್ರಮ ನೋಡುವ ಆ್ಯಪಿಗೆ ಮನೆಮಂದಿಗೆಲ್ಲ ಒಂದೇ ಖಾತೆ ತೆರೆದು, ಅವಳಿಗೊಂದು ಚಿತ್ರ, ಗಿರಿಜಾಳಿಗೊಂದು ಚಿತ್ರ, ನನಗೊಂದು ಚಿತ್ರ ಇಟ್ಟಳು. ಗಿರಿಜಾಳಿಗೆ ಹೂವು. ನನಗೆ ಕರಡಿ.

"ಕರಡಿ ಯಾಕವ್ವಾ?" ಎಂದೆ.

"ಚಲೋ ಐತಿ ಇರಲಿ ಬಿಡಪ್ಪಾ. ದರೋಜಿ ಕರಡಿಧಾಮ ಏನು ದೂರ ಐತೇನು?" ಎಂದಳು. ಆಮೇಲೆ ಧಾರಾವಾಹಿಯನ್ನು ತೆರೆದು ತೋರಿಸಿದಳು. "ನೋಡಿಲ್ಲಿ. ಮೊದಲಿಂದ ಇವತ್ತಿನ ತನಕ ಎಲ್ಲಾ ಐತಿ. ಯಾವಾಗ ಬೇಕಾದ್ರ ಆವಾಗ ನೋಡು. ಇನ್ನ ಅವ್ವ ಒಲಿ ಮುಂದ ನಿಂತು ಬಾಯಿ ನೋಯಿಸ್ಕೊಳ್ಳೋದು ಬ್ಯಾಡ."

ಗಿರಿಜಾ ರೊಟ್ಟಿ ಬಡಿಯುತ್ತಿದ್ದವಳು ಒಂದು ಕ್ಷಣ ಕೈ ನಿಲ್ಲಿಸಿ, "ಹೌದಲ್ಲ, ಚಲೋ ಆತು" ಎಂದಳು. ಆ "ಚಲೋ ಆತು" ಎಂಬುದನ್ನು ನಾನು ಮುಖಬೆಲೆಗೇ ತೆಗೆದುಕೊಂಡೆ.

ಮರುದಿನ ತಾಟಿನ ಮುಂದೆ ಕುಳಿತು "ಇವತ್ತು ಏನಾತು?" ಎಂದರೆ, "ಫೋನಿನ್ಯಾಗ ಐತಲ್ರಿ, ನೋಡ್ರಿ" ಎಂದಳು. ನೋಡಲು ಹೋದೆ. ಯಾರೋ ಬಾಗಿಲು ತೆರೆದರು, ಯಾರೋ ತಿರುಗಿ ನೋಡಿದರು, ಡೋಲು ಬಡಿಯಿತು, ಮತ್ತೆ ಮೂರು ಸಲ ಅದೇ ಮುಖ ತಿರುಗಿತು. ನನಗೆ ತೂಕಡಿಕೆ ಬಂತು. ಧಾರಾವಾಹಿ ಬಿಟ್ಟು ಬೇರೆ ನೋಡುವುದು ಕಲಿತೆ. ಎಲ್ಲೋ ದೂರದ ದೇಶದಲ್ಲಿ ಇಡೀ ಮರವನ್ನು ಬೇರುಸಹಿತ ಕೀಳುವ ಯಂತ್ರ, ಹಳೆಯ ಕ್ರಿಕೆಟ್ಟು, ಬೀದಿಬದಿಯಲ್ಲಿ ಮೊಟ್ಟೆ ಒಡೆಯುವವನು. ದಿನವಿಡೀ ಯಂತ್ರ ನೋಡಿ ಬಂದವನು ಊಟಕ್ಕೆ ಕುಳಿತು ಮತ್ತೆ ಯಂತ್ರ ನೋಡುತ್ತಿದ್ದೆ. ಕಿವಿಯಲ್ಲಿ ವೈರು, ಕೈಯಲ್ಲಿ ರೊಟ್ಟಿ. ಗಿರಿಜಾಳೂ ತನ್ನ ಪಾಡಿಗೆ ತಾನು ತನ್ನ ಫೋನಿನಲ್ಲಿ ಹೂವಿನ ಚಿತ್ರ ಒತ್ತಿ ನೋಡುತ್ತಿದ್ದಳು. ಜಗಳವಿಲ್ಲ, ತಂಟೆಯಿಲ್ಲ. ಮನೆ ಎಷ್ಟು ಶಾಂತವಾಗಿತ್ತೆಂದರೆ ಫ್ರಿಜ್ಜಿನ ಸದ್ದು ಕೇಳುತ್ತಿತ್ತು.

ಇದಕ್ಕೇನೂ ನಾನು ಅಳಲಿಲ್ಲ. ಕಳಕೊಂಡದ್ದರ ಬೆಲೆ ನಮಗೆ ಗೊತ್ತಾಗುವುದು ಅದು ಇನ್ನೊಬ್ಬರ ಅಂಗಳದಲ್ಲಿ ಕಂಡಾಗ.

ಮಾಸ್ತರರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿ, ಟಿವಿ, ಫೋನು ಕೆಲವು ದಿನ ಮುಟ್ಟಕೂಡದೆಂದು ಡಾಕ್ಟರು ಹೇಳಿ ಕಳಿಸಿದರು. ಮಾಸ್ತರು ಅದೇ ಧಾರಾವಾಹಿಯ ಖಾಯಂ ಗಿರಾಕಿ. ಪದ್ದಕ್ಕ ಕಥೆ ಹೇಳಲು ನೋಡಿದರಂತೆ. ಆದರೆ ಅವರು ಎರಡು ಧಾರಾವಾಹಿ ನೋಡುವವರು, ಒಂದರ ಗಂಡನನ್ನು ಇನ್ನೊಂದರ ಹೆಂಡತಿಗೆ ಕಟ್ಟಿ ಮಾಸ್ತರರ ತಲೆ ಕೆಡಿಸಿದರು. ಆಗ ಗಿರಿಜಾಳಿಗೆ ಕರೆ ಬಂತು. ನಾಲ್ಕು ಗಂಟೆಯ ಚಹಾ ಮುಗಿಸಿ ಅವಳು ಗೋಡೆ ಸುತ್ತಿ ಅವರ ಮನೆಗೆ ಹೋಗತೊಡಗಿದಳು. ರೋಗಿಗೆ ಉಪಚಾರ, ನಾನೂ ಒಪ್ಪಿದೆ.

ಕಣ್ಣು ವಾಸಿಯಾಯಿತು. ಕಪ್ಪು ಕನ್ನಡಕ ಹೋಗಿ ಬಿಳಿ ಕನ್ನಡಕ ಬಂತು. ಮಾಸ್ತರು ಪೇಪರಿನ ಸಣ್ಣ ಅಕ್ಷರವನ್ನೂ ಓದಿ ಹೇಳುವಂತಾದರು. ಗಿರಿಜಾ ಮಾತ್ರ ನಾಲ್ಕು ಗಂಟೆಗೆ ಸರಿಯಾಗಿ ಸೆರಗು ಕೊಡವಿಕೊಂಡು ಹೊರಡುತ್ತಿದ್ದಳು.

ಒಂದು ಭಾನುವಾರ ಗೇಟಿನಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ. "ಈಗ ಕಣ್ಣು ಚಲೋ ಕಾಣ್ತಾವಲ್ರಿ ಮಾಸ್ತರ? ಟಿವಿ ನೋಡಬಹುದಲ್ಲ?"

"ಕಾಣಸ್ತಾವ, ಕಾಣಸ್ತಾವ," ಎಂದರು ಮಾಸ್ತರು ಸಂತೋಷದಿಂದ. "ಖರೇ ಹೇಳಬೇಕಂದ್ರ, ನೋಡೋದ್ರಾಗ ಏನೂ ಮಜಾ ಇಲ್ಲರೀ. ನಿಮ್ಮ ಮನಿಯವರ ಬಾಯಿಲೇ ಕೇಳಬೇಕು. ಭಾಳ ಪುಣ್ಯವಂತರು ನೀವು. ನಿಮಗ ದಿನಾ ಕೇಳಲಿಕ್ಕೆ ಸಿಗ್ತದ."

ನಾನು ಹಲ್ಲು ಕಿರಿದೆ. ಒಳಗೆ ಹಲ್ಲು ಕಡಿದೆ.

ಶ್ರಾವಣದಲ್ಲಿ ಎರಡೂ ಮನೆಯವರು ಸೇರಿ ಒಂದು ಆಟೋ ಮಾಡಿಕೊಂಡು ಹಂಪಿಗೆ ಹೋದೆವು. ಹಿಂದಿನ ಸೀಟಿನಲ್ಲಿ ಮಾಸ್ತರು, ಪದ್ದಕ್ಕ, ಗಿರಿಜಾ. ನಾನು ಡ್ರೈವರನ ಪಕ್ಕ ಅರ್ಧ ಕುಂಡೆ ಊರಿಕೊಂಡು. ದಾರಿಯುದ್ದಕ್ಕೂ ಹಿಂದಿನಿಂದ ವಸುಂಧರಾ, ಪ್ರಭಾಕರ. ವಿರೂಪಾಕ್ಷನ ದರ್ಶನ ಮುಗಿಸಿ ಹಂಪಿ ಬಜಾರದಲ್ಲಿ ಕಲ್ಲುಮಂಟಪಗಳ ನೆರಳಿನಲ್ಲಿ ನಡೆಯುವಾಗಲೂ ಅವರು ಮೂವರು ಮುಂದೆ, ನಾನು ನೀರಿನ ಬಾಟಲಿ, ಕಾಯಿ-ಬಾಳೆಹಣ್ಣಿನ ಚೀಲ ಹೊತ್ತು ಹಿಂದೆ. ನನ್ನ ಹಿಂದೆ ಒಂದು ಕೋತಿ ಬರುತ್ತಿತ್ತು. ಅದರ ಕಣ್ಣಿದ್ದದ್ದು ಬಾಳೆಹಣ್ಣಿನ ಮೇಲೆ, ನನ್ನ ಕಿವಿ ಮುಂದಿನವರ ಮಾತಿನ ಮೇಲೆ. ಕೋತಿಗಾದರೂ ಹಣ್ಣು ಸಿಕ್ಕಿತು.

"ಏನ್ರೀ, ಹಿಂದ ಬಿದ್ರಿ?" ಎಂದು ಗಿರಿಜಾ ತಿರುಗಿ ಕೇಳಿದಳು.

"ನೀವು ಮಾತಾಡ್ರಿ," ಎಂದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ನಾಲಿಗೆಯ ತುದಿಗೆ ಬಂದಿತ್ತು. ದೇವರ ಸನ್ನಿಧಿ ಎಂದು ನುಂಗಿದೆ.

ಆವತ್ತೇ ಹಟ ತೊಟ್ಟೆ. ಇಡೀ ಧಾರಾವಾಹಿಯನ್ನು ಮೊದಲಿನಿಂದ ನೋಡಿಬಿಡುವುದು. ಹಳೆಯದನ್ನು ನಾನು ಗಿರಿಜಾಳ ಬಾಯಿಂದ ಕೇಳಿದ್ದೇನೆ, ಕಣ್ಣಿನಿಂದಲೂ ನೋಡಿಬಿಟ್ಟರೆ ಮಾಸ್ತರರ ಎದುರು "ಅದು ಹಂಗಲ್ರಿ, ಹಿಂಗ" ಎಂದು ಮೂಗು ತೂರಿಸಬಹುದು. ಮೂರು ಜನರ ಮಾತಿನಲ್ಲಿ ನಾಲ್ಕನೆಯವನಾಗಬಹುದು. ಬಸ್ಸಿನಲ್ಲಿ ಹೋಗುವಾಗ, ಬರುವಾಗ, ಕಿವಿಗೆ ವೈರು ಸಿಕ್ಕಿಸಿ ಪಟ್ಟಾಗಿ ಕುಳಿತೆ. ಪಕ್ಕದ ಸೀಟಿನವರು ನಾನು ಷೇರು ಮಾರುಕಟ್ಟೆಯ ವ್ಯವಹಾರ ಕಲಿಯುತ್ತಿದ್ದೇನೆ ಎಂದು ತಿಳಿದು ಗೌರವದಿಂದ ಸರಿದು ಕೂಡುತ್ತಿದ್ದರು.

ನೋಡುತ್ತ ಹೋದಂತೆ ಒಂದು ವಿಚಿತ್ರ. ಸ್ಕೂಟಿ ಎಲ್ಲಿ?

ವಸುಂಧರಾ ಸ್ಕೂಟಿ ಕಲಿಯಬೇಕೆಂದು ಆಸೆಪಟ್ಟದ್ದು, ಪ್ರಭಾಕರ ಬೇಡವೆಂದದ್ದು, ಅವಳು ಬಚ್ಚಲಮನೆಯಲ್ಲಿ ಅತ್ತದ್ದು, ಎಲ್ಲ ನನಗೆ ನಿನ್ನೆ ಕೇಳಿದಂತಿದೆ. "ಆ ಮಗಗ ತಲಿ ಇಲ್ಲ. ಕಲೀಲಿ ಬಿಡು, ಏನು ಗಂಟು ಹೋಗ್ತೈತಿ?" ಎಂದು ನಾನೇ ಮೇಜು ಗುದ್ದಿದ್ದೆ. ಈ ಧಾರಾವಾಹಿಯ ವಸುಂಧರೆಗೆ ಕಾರು ಇದೆ, ಡ್ರೈವರ್ ಇದ್ದಾನೆ, ಸ್ಕೂಟಿ ಎಂದರೆ ಏನೆಂದೂ ಗೊತ್ತಿದ್ದಂತಿಲ್ಲ.

ತಂದೆಗೆ ಹುಷಾರಿಲ್ಲದಾಗ ತವರಿಗೆ ಕಳಿಸಲು ಅತ್ತೆ ತಕರಾರು ತೆಗೆದ ಭಾಗಕ್ಕಾಗಿ ಹುಡುಕಿದೆ. ಅವ್ವ "ಮಹಾ ಘಾಟಿ" ಎಂದದ್ದು ಅದಕ್ಕೇ. ಇಲ್ಲಿ ನೋಡಿದರೆ ವಸುಂಧರೆಗೆ ತಂದೆಯೇ ಇಲ್ಲ. ಮೊದಲ ಕಂತಿನಿಂದಲೂ ಹಾರ ಹಾಕಿಸಿಕೊಂಡು ಗೋಡೆಯ ಮೇಲಿದ್ದಾನೆ. ಪ್ರಭಾಕರ ಉಂಡು ಏಳುವಾಗ ಅಡಿಗೆ ಹೇಗಿತ್ತೆಂದು ಒಂದು ಮಾತೂ ಆಡುವುದಿಲ್ಲ ಎಂದು ಗಿರಿಜಾ ಹೇಳಿದ್ದಳು. ನಾನು ನೋಡಿದಷ್ಟರಲ್ಲಿ ಆ ಮನೆಯಲ್ಲಿ ಯಾರೂ ಉಂಡು ಏಳುವುದೇ ಇಲ್ಲ. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಯಾರಾದರೂ ಬಾಗಿಲಲ್ಲಿ ನಿಂತು ಆಘಾತದ ಸುದ್ದಿ ಹೇಳುತ್ತಾರೆ.

ಕಾವ್ಯಾಳಿಗೆ ಫೋನು ಹಚ್ಚಿದೆ. "ಯವ್ವಾ, ಈ ಫೋನಿಗೆ ಹಾಕುವಾಗ ನಡುನಡುವ ಕತ್ತರಿಸಿರ್ತಾರೇನು? ಸ್ಕೂಟಿ ಕಲಿಯೋದು ಕಾಣವಲ್ದು."

"ಯಾವ ಸ್ಕೂಟಿ ಅಪ್ಪಾ? ಅದ್ರಾಗ ಸ್ಕೂಟಿ ಎಲ್ಲಿ ಐತಿ? ಸ್ಕೂಟಿ ಕಲ್ತಾಕಿ ಅವ್ವ," ಎಂದು ನಕ್ಕು ಇಟ್ಟಳು.

ಬಸ್ಸು ಗುಡ್ಡದ ತಿರುವಿನಲ್ಲಿ ಲಾರಿಯೊಂದಕ್ಕೆ ದಾರಿ ಬಿಟ್ಟು ನಿಂತಿತ್ತು. ನಾನು ವೈರು ಕಿತ್ತು ಕೈಯಲ್ಲಿ ಹಿಡಿದುಕೊಂಡು ಕುಳಿತೆ. ಕಲ್ತಾಕಿ ಅವ್ವ. ಹೌದಲ್ಲ, ನಾನು ಮೇಜು ಗುದ್ದಿದ ಮರುವಾರವೇ ಗಿರಿಜಾ ಸ್ಕೂಟಿ ಕ್ಲಾಸಿಗೆ ಸೇರಿದ್ದಳು. ಪ್ರಭಾಕರನನ್ನು ಅಷ್ಟು ಬೈದ ಮೇಲೆ ನಾನು ಬೇಡ ಎನ್ನುವುದಾದರೂ ಹೇಗೆ? ಅವ್ವ ಆ ಘಾಟಿ ಅತ್ತೆಯನ್ನು ಶಪಿಸಿದ ಎರಡೇ ದಿನಕ್ಕೆ ಗಿರಿಜಾ ಕಂಪ್ಲಿಗೆ ತಂದೆಯನ್ನು ನೋಡಿಕೊಳ್ಳಲು ಹೋಗಿದ್ದಳು, ಅವ್ವನೇ ಚಟ್ನಿಪುಡಿ ಕಟ್ಟಿ ಕಳಿಸಿದ್ದಳು. ಪ್ರಭಾಕರನ ಆ ಊಟದ ಸುದ್ದಿ ಬಂದ ರಾತ್ರಿ ನಾನು ಗಾಬರಿಯಿಂದ "ಇವತ್ತಿನ ಸಾರು ಮಸ್ತ್ ಆಗೈತಿ" ಎಂದಿದ್ದೆ.

ಎರಡು ಕೋಣೆಯ ಮನೆ. ಅತ್ತೆಯ ಎದುರು ಗಂಡನಿಗೆ ನನಗಿದು ಬೇಕು, ಇದು ಬೇಡ ಎಂದು ಹೇಳುವ ಹಾಗಿರಲಿಲ್ಲ. ಧಾರಾವಾಹಿಯ ಕಥೆ ಹೇಳಬಹುದಿತ್ತು. ಅಷ್ಟು ವರ್ಷ ನಾನು ಕೇಳಿದ್ದು ವಸುಂಧರೆಯ ಕಥೆಯೇ ಅಲ್ಲ. ನನ್ನ ಹೆಂಡತಿ ದಿನಾ ನನ್ನೊಡನೆ ಮಾತಾಡುತ್ತಿದ್ದಳು, ನಾನು ಟಿವಿಯೊಳಗಿನ ಪ್ರಭಾಕರನಿಗೆ ಬುದ್ಧಿ ಹೇಳುತ್ತಿದ್ದೆ.

ಇಷ್ಟು ತಿಳಿದ ಮೇಲೆ ಮನಸ್ಸು ಕರಗಬೇಕಿತ್ತು, ಅಲ್ಲವೇ? ಕರಗಲಿಲ್ಲ. ಹೊಟ್ಟೆಕಿಚ್ಚು ಎರಡು ಪಟ್ಟಾಯಿತು. ಹಾಗಾದರೆ ಈಗ ಮಾಸ್ತರರಿಗೆ ಏನು ಹೇಳುತ್ತಿದ್ದಾಳೆ? ನನಗೆ ಹೇಳಬೇಕಾದ ಮಾತುಗಳನ್ನು ವಸುಂಧರೆಯ ಬಾಯಿಂದ ಅವರಿಗೆ ಹೇಳುತ್ತಿದ್ದಾಳೆಯೇ? ಅವಳ ಮನಸ್ಸಿನ ಸಂಗತಿ ನನಗಿಂತ ಮೊದಲು ಒಬ್ಬ ಡ್ರಾಯಿಂಗ್ ಮಾಸ್ತರರಿಗೆ ಗೊತ್ತಾಗುವುದೆಂದರೆ ಏನು?

ಮುಂದಿನ ಭಾನುವಾರ ನಾಲ್ಕು ಗಂಟೆಗೆ ಅವಳು ಹೊರಟ ಮೇಲೆ ಹಿತ್ತಲಿಗೆ ಹೋದೆ. ಒಣಗಿದ ಬಟ್ಟೆಗಳನ್ನು ತಂತಿಯಿಂದ ತೆಗೆದು, ಝಾಡಿಸಿ, ಮತ್ತೆ ಅದೇ ತಂತಿಗೆ ಹಾಕುತ್ತ ಗೋಡೆಗೆ ಕಿವಿ ಕೊಟ್ಟೆ. ಹಿಂದಿನ ದಿನದ ಕಂತು ನನಗೆ ಬಾಯಿಪಾಠವಾಗಿತ್ತು.

"ಪ್ರಭಾಕರ ಆಫೀಸಿಗೆ ಹೋದ. ಫೈಲ್ ಸಿಗಲಿಲ್ಲ. ವಸುಂಧರಾ ಗುಡಿಗೆ ಹೋಗಿದ್ಲು. ಅಲ್ಲಿ ಆಕಿ ನಾದಿನಿ ಸಿಕ್ಲು. ಇಬ್ಬರೂ ನೋಡಿದ್ರು. ಮುಗೀತು," ಎನ್ನುತ್ತಿದ್ದಳು ಗಿರಿಜಾ.

"ಮತ್ತ ನೋಡಿದ್ರೇನು? ನಿನ್ನೇನೂ ನೋಡಿದ್ರಲ್ಲ," ಎಂದು ಮಾಸ್ತರು ನಕ್ಕರು. ಪದ್ದಕ್ಕನೂ ನಕ್ಕರು.

ತೋರಿಸಿದ್ದು ತೋರಿಸಿದ ಹಾಗೆ. ಒಂದು ಅಗುಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಪ್ರಭಾಕರನಿಗೆ ದನಿ ಇಲ್ಲ, ವಸುಂಧರೆಗೆ ಕಣ್ಣೀರಿಲ್ಲ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ ಕೇಳುವವರನ್ನು ಗೋಳುಹೊಯ್ದುಕೊಳ್ಳುವುದಿಲ್ಲ. ಮಾಸ್ತರು ನಗುತ್ತಿದ್ದದ್ದು ಧಾರಾವಾಹಿಯ ದಡ್ಡತನಕ್ಕೆ. ಅವಳು ಅವರಿಗೆ ಬರೀ ಧಾರಾವಾಹಿ ಹೇಳುತ್ತಿದ್ದಳು.

ಒಣಗಿದ ಬಟ್ಟೆಗಳ ಮಧ್ಯೆ ನಿಂತು ನನಗೆ ಹಬ್ಬವಾಯಿತು. ಮಾಸ್ತರೇ, ನಿಮಗೆ ಸಿಕ್ಕಿದ್ದು ಹೊಟ್ಟು, ಕಾಳು ನನ್ನದಾಗಿತ್ತು ಎಂದು ಕೂಗಿ ಹೇಳಬೇಕೆನಿಸಿತು. ಆ ಸಂತೋಷ ಬಟ್ಟೆ ಮಡಿಸುವಷ್ಟು ಹೊತ್ತು ಇತ್ತು. ಆಮೇಲೆ ಒಂದು ಪ್ರಶ್ನೆ ಬಂತು. ಆ ಕಾಳು ಈಗ ಯಾರಿಗೆ? ಮಾಸ್ತರರಿಗಿಲ್ಲ, ನನಗಿಲ್ಲ. ಫೋನು ಬಂದಾಗಿನಿಂದ ನನ್ನ ಮನೆಯ ವಸುಂಧರಾ ಏನೇನು ಆಸೆಪಟ್ಟಳು, ಯಾವುದಕ್ಕೆ ಅತ್ತಳು, ಏನು ಬೇಡವೆಂದಳು, ಒಂದೂ ನನಗೆ ಗೊತ್ತಿಲ್ಲ. ಆ ಕಂತುಗಳು ಯಾವ ಫೋನಿನಲ್ಲೂ ಸಿಗುವುದಿಲ್ಲ. ನನಗೆ ಭಯವಾಯಿತು.

ನೇರವಾಗಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ "ನಿನ್ನ ಮನಸ್ಸಿನಲ್ಲಿ ಏನಿದೆ" ಎಂದು ಹೆಂಡತಿಯನ್ನು ಕೇಳುವುದಕ್ಕೆ ಎದೆ ಬೇಕು. ನನಗಿದ್ದದ್ದು ಬರೀ ಹೊಟ್ಟೆ.

ಮರುದಿನ ರಾತ್ರಿ ಮನೆಗೆ ಬರುವಾಗ ಬಸ್ಸಿನಲ್ಲಿ ಫೋನು ತೆರೆದೆ. ಗಿರಿಜಾಳ ಹೂವಿನ ಚಿತ್ರ ಒತ್ತಿದೆ. ಅವತ್ತಿನ ಕಂತಿನ ಕೆಳಗೆ ಕೆಂಪು ಗೆರೆ ಈ ತುದಿಯಿಂದ ಆ ತುದಿಯವರೆಗೆ ಎಳೆದಿತ್ತು. ಪೂರ್ತಿ ನೋಡಿ ಮುಗಿಸಿದ್ದಾಳೆ ಎಂದರ್ಥ. ಮನೆಗೆ ಬಂದೆ, ಕೆಂಪು ತೊಳೆದುಕೊಂಡೆ, ಫೋನನ್ನು ಹೊರಗಿನ ಕೋಣೆಯಲ್ಲೇ ಬಿಟ್ಟು ತಾಟಿನ ಮುಂದೆ ಕುಳಿತೆ. ಅವಳು ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದಳು.

"ಇವತ್ತಿಂದು ನೋಡಿದ್ಯೇನು?" ಎಂದೆ.

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ಇಲ್ಲ," ಎಂದಳು ಗಿರಿಜಾ. "ಯಾಕ, ನೀವು ನೋಡಿದ್ರೇನು? ಹೇಳ್ರಿ ಮತ್ತ."

ಕೆಂಪು ಗೆರೆ ಕಣ್ಣ ಮುಂದೆ ಬಂತು. ನುಂಗಿಕೊಂಡು ಶುರು ಮಾಡಿದೆ. "ಪ್ರಭಾಕರನ ಮನಿ ಪಕ್ಕದಾಗ ಒಬ್ಬ ಮಾಸ್ತರ ಬಂದಾನ."

"ಡ್ರಾಯಿಂಗ್ ಮಾಸ್ತರೇನು?"

"ಅಲ್ಲ, ಅಲ್ಲ. ಸಂಗೀತದ ಮಾಸ್ತರ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನನ್ನ ಕೈ ನೀರಿನ ಲೋಟಕ್ಕೆ ಹೋಯಿತು. "ಮೊದಲ ವಸುಂಧರಾ ದಿನಾ ಪ್ರಭಾಕರನ ಮುಂದ ಹಾಡ್ತಿದ್ಲು. ಈಗ ಆ ಮಾಸ್ತರನ ಮನಿಗೆ ಹೋಗಿ ಹಾಡ್ತಾಳ."

"ಪ್ರಭಾಕರ ಏನು ಮಾಡ್ತಿರ್ತಾನ?"

"ಗ್ವಾಡಿ ಹಿಂದ ನಿಂತು ಕೇಳ್ತಿರ್ತಾನ."

ಅವಳು ಹೆಂಚಿನ ಮೇಲಿದ್ದ ರೊಟ್ಟಿ ಮಗುಚಿದಳು, ತಿರುಗಿ ನೋಡಲಿಲ್ಲ. ಬೆನ್ನು ಮಾತ್ರ ಸಣ್ಣಗೆ ಅಲುಗಿತು. ನಗುತ್ತ ಇದ್ದಳೋ ಏನೋ ಗೊತ್ತಾಗಲಿಲ್ಲ.

"ಮುಂದ?" ಎಂದಳು.

"ಮುಂದೇನೈತಿ. ಆತಗ ಉರೀತೈತಿ. ಭಾಳ ಉರೀತೈತಿ. ಹಾಡು ನನಗ ಬೇಕಾಗಿತ್ತು ಅನ್ನಿಸ್ತೈತಿ."

"ಹಂಗಾರ ಆಕೀನ ಕೇಳಿದ್ನೇನು, ನನಗ್ಯಾಕ ಹಾಡಂಗಿಲ್ಲ ಅಂತ?"

"ಇಲ್ಲ. ಅಲ್ಲಿಗೇ ನಿಲ್ಲಿಸ್ಯಾರ."

"ಕೇಳಂತ ಹೇಳ್ರಿ ಆತಗ," ಎಂದಳು ಗಿರಿಜಾ. "ಬಾಯಿ ಇಲ್ಲೇನು?"

ನನ್ನ ತಾಟಿನಲ್ಲಿ ರೊಟ್ಟಿ ಆರುತ್ತಿತ್ತು. ಪಲ್ಯದ ಕಡೆ ನೋಡುತ್ತಲೇ ಕೇಳಿದೆ. "ಗಿರಿಜಾ, ನನಗ ಯಾಕ ಕಥಿ ಹೇಳೋದು ಬಿಟ್ಟಿ?"

"ಕಿವ್ಯಾಗ ವೈರ್ ಸಿಗಿಸ್ಕೊಂಡು ಉಣ್ಣಾಕ ಕುಂದ್ರತೀರಿ. ಎಲ್ಲಿಂದ ಹೇಳ್ಲಿ? ಕಿವಿ ತುಂಬೇತಿ, ಇನ್ನ ನನ್ನ ಮಾತು ಯಾಕಂತ ಬಿಟ್ಟೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಒಂದೆರಡು ಸಲ ಶುರು ಮಾಡಿದ್ದೆ. ನೀವು ಮರ ಕೀಳೋದು ನೋಡಿ ನಗತಿದ್ರಿ."

"ಈಗ ಹೇಳು."

ಅವಳು ಒಲೆ ಆರಿಸಿದಳು. ಕೈಗೆ ಹತ್ತಿದ್ದ ಹಿಟ್ಟು ತೊಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಂಡು ಬಂದು ನನ್ನ ಎದುರಿಗೆ ಕುಳಿತಳು. ಕಥೆ ಹೇಳುವಾಗ ಅವಳು ಯಾವತ್ತೂ ಎದುರಿಗೆ ಕುಳಿತವಳಲ್ಲ, ಯಾವಾಗಲೂ ಒಲೆಗೆ ಮುಖ, ನನಗೆ ಬೆನ್ನು.

"ವಸುಂಧರಾ ಏನು ಮಾಡಿದ್ಲಂದ್ರ," ಎಂದು ಆರಂಭಿಸಿ ನಿಲ್ಲಿಸಿದಳು. ನನ್ನ ಮುಖ ನೋಡಿದಳು. "ಬ್ಯಾಡ ಬಿಡ್ರಿ. ಈಗ ಅತ್ತಿ ಇಲ್ಲ, ಯಾರೂ ಇಲ್ಲ. ವಸುಂಧರಾ ಯಾಕ ಬೇಕು? ನಂದ ಹೇಳ್ತೀನಿ."

ಹೇಳಿದಳು. ಹೇಳುತ್ತ ಹೇಳುತ್ತ ಬಹಳ ಹೊತ್ತಾಯಿತು. ನನ್ನ ಕೈ ತಾಟಿನಲ್ಲೇ ಒಣಗಿತು. ನಡುವೆ ಎಲ್ಲೂ ನಿಲ್ಲಿಸಿ ಪಲ್ಯ ಹಾಕಲೇ ಎಂದು ಕೇಳಲಿಲ್ಲ, ನಾನೂ ಯಾರಿಗೂ ಬುದ್ಧಿ ಹೇಳಲಿಲ್ಲ.

ಏನು ಹೇಳಿದಳು ಎಂದು ನಿಮಗೆ ಕುತೂಹಲವಿರಬಹುದು. ಇಲ್ಲಿಯವರೆಗೆ ಎಲ್ಲ ಹೇಳಿದವನು ಅದನ್ನೂ ಹೇಳುತ್ತಾನೆಂದು ಕಾದಿರಬಹುದು. ಹೇಳುವುದಿಲ್ಲ. ಮಾಸ್ತರರಿಗೆ ಇಡೀ ಧಾರಾವಾಹಿ ಇದೆ, ನಿಮಗೆ ನಿಮ್ಮ ನಿಮ್ಮ ಫೋನುಗಳಿವೆ. ಇದು ನನಗೆ ಹೇಳಿದ್ದು.